ಅಗ್ಗದ ಆಯುಧವೂ ಗೃಹಸ್ಥನ ಹೊಣೆಯೂ

ಮನುಷ್ಯನು ಕೊಳ್ಳುವ ಪ್ರತಿಯೊಂದು ಉಪಕರಣವೂ ಅವನ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತದೆ. ಇದರ ಬೆಲೆ ಎಷ್ಟು? ಇದು ನಂಬಿದಂತೆ ನಡೆಯುವುದೇ? ನೇಗಿಲನ್ನು ಕೊಳ್ಳುವ ಒಕ್ಕಲಿಗನೂ, ತಕ್ಕಡಿಯನ್ನು ಕೊಳ್ಳುವ ವರ್ತಕನೂ, ಮಗ್ಗವನ್ನು ಕೊಳ್ಳುವ ನೇಕಾರನೂ ಈ ಎರಡು ಪ್ರಶ್ನೆಗಳ ನಡುವೆಯೇ ತಮ್ಮ ಕಾಯಕವನ್ನು ನಡೆಸಿಕೊಂಡು ಬಂದಿದ್ದಾರೆ. ನೇಗಿಲು ಮುರಿದರೆ ಒಂದು ದಿನದ ಉಳುಮೆ ನಿಂತೀತು. ತಕ್ಕಡಿ ಕೆಟ್ಟರೆ ಒಂದು ವ್ಯಾಪಾರ ಕೆಟ್ಟೀತು. ಹಾಗೆ ಕಳೆದುಹೋದುದನ್ನು ಮರಳಿ ದುಡಿದು ಪಡೆಯಬಹುದು. ಆದರೆ ಬೇಕಾದ ಹೊತ್ತಿನಲ್ಲಿ ಕೆಟ್ಟರೂ ಪ್ರಾಣಹಾನಿ, ಬೇಡದ ಹೊತ್ತಿನಲ್ಲಿ ನಡೆದರೂ ಪ್ರಾಣಹಾನಿ ಎಂಬಂತಹ ಉಪಕರಣವೊಂದುಂಟು. ಅದೇ ಆಯುಧ. ಅದನ್ನು ಅಲ್ಪ ಹಣದಲ್ಲಿ ಕೊಳ್ಳಹೊರಟ ಗೃಹಸ್ಥನು ಯಾವುದನ್ನು ನಂಬಬೇಕು, ಯಾರನ್ನು ನಂಬಬೇಕು ಎಂಬುದು ಬರಿಯ ಪೇಟೆಯ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆಯೂ ಆಗಿದೆ.

ಈ ಪ್ರಶ್ನೆಯು ಬೇರೆಲ್ಲಿಗಿಂತಲೂ ಹೆಚ್ಚಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಗೃಹಸ್ಥನ ಮುಂದೆ ನಿಂತಿದೆ. ಭಾರತದಲ್ಲಿ ೧೯೫೯ರ ಆಯುಧ ಶಾಸನದಂತೆ ಪರವಾನಗಿಯಿಲ್ಲದೆ ಪಿಸ್ತೂಲನ್ನು ಇರಿಸಿಕೊಳ್ಳುವಂತಿಲ್ಲ. ಆದುದರಿಂದ ಕನ್ನಡ ನಾಡಿನ ಸಾಮಾನ್ಯ ಸಂಸಾರಿಗೆ ಈ ಆಯ್ಕೆಯ ಕಷ್ಟ ಒದಗುವುದೇ ವಿರಳ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿಯ ಸಂವಿಧಾನದ ಎರಡನೆಯ ತಿದ್ದುಪಡಿಯು ಆಯುಧ ಧಾರಣೆಯ ಹಕ್ಕನ್ನು ಹೇಳುತ್ತದೆ. ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕನ್ನು ಇರಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ೨೦೦೮ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ವಾಷಿಂಗ್ಟನ್ ನಗರಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಪರವಾನಗಿ ಪಡೆದ ಅಂಗಡಿಗೆ ಹೋಗಿ, ಪೂರ್ವಚರಿತ್ರೆಯ ಪರಿಶೀಲನೆಗೆ ಒಳಗಾಗಿ, ಆಯಾ ರಾಜ್ಯದ ನಿಯಮಗಳನ್ನು ಪಾಲಿಸಿದವನು ಹಣ ತೆತ್ತು ಪಿಸ್ತೂಲನ್ನು ಮನೆಗೆ ತರಬಹುದು. ಆ ದೇಶದಲ್ಲಿ ನೆಲೆಸಿ ಬಾಳುತ್ತಿರುವ ಕನ್ನಡ ಕುಟುಂಬಗಳಿಗೂ, ನೆರೆಯವರ ಸಲಹೆಯ ರೂಪದಲ್ಲಾದರೂ, ಈ ಪ್ರಶ್ನೆ ಎದುರಾಗದೆ ಇರದು.

ಅಂತಹ ಗೃಹಸ್ಥನೊಬ್ಬನನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಆತನು ಗೋದಾಮೊಂದರಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವವನು. ಬಾಡಿಗೆ ಕಡಿಮೆಯೆಂದು ಹಿಡಿದ ಮನೆಯ ಬೀದಿಯಲ್ಲಿ ಎರಡು ಬಾರಿ ಕಳವಾಗಿದೆ. ಆತನು ಕೆಲಸಕ್ಕೆ ಹೋದ ಮೇಲೆ ಹೆಂಡತಿಯೂ ಇಬ್ಬರು ಮಕ್ಕಳೂ ಒಬ್ಬಂಟಿಗರು. ತಿಂಗಳ ಖರ್ಚು ಕಳೆದು ಉಳಿದಿರುವುದು ಕೆಲವೇ ನೂರು ಡಾಲರು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನೂರಿನ್ನೂರು ಡಾಲರಿನ ಪಿಸ್ತೂಲೂ ಇದೆ, ಅದರ ಮಗ್ಗುಲಲ್ಲೇ ಸಾವಿರಕ್ಕೂ ಮೀರಿದ ಬೆಲೆಯದೂ ಇದೆ. ಈತನು ಕೇಳುವ ಪ್ರಶ್ನೆ ಸರಳವಾದುದು: ನನ್ನ ಹಣಕ್ಕೆ ನಂಬಬಹುದಾದ ಪಿಸ್ತೂಲು ದೊರೆಯುವುದೇ? ಈ ಪ್ರಶ್ನೆಯನ್ನು ಅಲ್ಪವೆಂದು ತಿರಸ್ಕರಿಸುವುದು ನ್ಯಾಯವಲ್ಲ. ಬಡವನ ಮನೆಯ ಬಾಗಿಲೂ ಬಾಗಿಲೇ. ಆತನ ಮಕ್ಕಳ ಪ್ರಾಣವೂ ಪ್ರಾಣವೇ.

ನಂಬಿಕೆ ಎಂದರೇನೆಂಬುದನ್ನು ತಿಳಿಯಬೇಕಾದರೆ ಮೊದಲು ಆ ಯಂತ್ರದ ನಡೆಯನ್ನು ತಿಳಿಯಬೇಕು. ಅರೆ ಸ್ವಯಂಚಾಲಿತ ಪಿಸ್ತೂಲು ಎಂಬುದು ಟ್ರಿಗರನ್ನು ಒಮ್ಮೆ ಎಳೆದರೆ ಒಂದು ಗುಂಡನ್ನು ಮಾತ್ರ ಹಾರಿಸತಕ್ಕದ್ದು. ಆದರೆ ಹಾರಿದ ಗುಂಡಿನ ಹಿಮ್ಮೊಗದ ಒತ್ತಡದಿಂದಲೇ ಅದರ ಮೇಲ್ಭಾಗವು ಹಿಂದಕ್ಕೆ ಸರಿದು, ಬರಿದಾದ ತೋಟಾವನ್ನು ಹೊರಕ್ಕೆ ಎಸೆಯುತ್ತದೆ. ಬಳಿಕ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬರುವಾಗ ಹಿಡಿಯೊಳಗಿನ ಗೂಡಿನಿಂದ ಹೊಸ ತೋಟಾವನ್ನು ನಳಿಗೆಗೆ ತುಂಬುತ್ತದೆ. ಇವೆಲ್ಲವೂ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಮುಗಿಯತಕ್ಕವು. ಗೂಡಿನ ಅಂಚು ತುಸು ಬಾಗಿದ್ದರೆ, ಸ್ಪ್ರಿಂಗು ಸಡಿಲವಾಗಿದ್ದರೆ, ತೋಟಾದ ಮದ್ದು ಬಲಹೀನವಾಗಿದ್ದರೆ, ಹಿಡಿದ ಕೈ ಬಿಗಿಯಿಲ್ಲದಿದ್ದರೆ ಈ ಸರಪಣಿಯ ಒಂದು ಕೊಂಡಿ ಕಳಚುತ್ತದೆ. ಯಂತ್ರವು ನಡುದಾರಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಹಾಗೆ ಸಿಕ್ಕಿಕೊಂಡಾಗ ಅದು ಹಿಡಿದವನ ಕೈಯಲ್ಲಿ ಒಂದು ಕಬ್ಬಿಣದ ತುಂಡು ಮಾತ್ರ.

ಇಂತಹ ಯಂತ್ರದಿಂದ ಗೃಹಸ್ಥನು ಎರಡು ವಾಗ್ದಾನಗಳನ್ನು ಅಪೇಕ್ಷಿಸುತ್ತಾನೆ. ಕರೆದಾಗ ನಡೆಯುವುದು ಮೊದಲನೆಯದು. ಕರೆಯದಿದ್ದಾಗ ನಡೆಯದಿರುವುದು ಎರಡನೆಯದು. ಪೇಟೆಯ ಮಾತಿನಲ್ಲಿ ನಂಬಿಕೆಯೆಂದರೆ ಬಹುಮಟ್ಟಿಗೆ ಮೊದಲನೆಯದೇ. ಆದರೆ ಮಕ್ಕಳಿರುವ ಮನೆಯಲ್ಲಿ ಎರಡನೆಯ ವಾಗ್ದಾನವು ಮೊದಲನೆಯದಕ್ಕಿಂತ ಹಿರಿದಾದುದು. ಏಕೆಂದರೆ ಕಳ್ಳನು ಬರುವ ರಾತ್ರಿ ಬಂದರೂ ಬರಬಹುದು, ಬಾರದಿದ್ದರೂ ಇರಬಹುದು. ಮಕ್ಕಳು ಮಾತ್ರ ಪ್ರತಿದಿನವೂ ಆ ಮನೆಯಲ್ಲಿಯೇ ಇರುತ್ತಾರೆ.

ಈ ವಾಗ್ದಾನಗಳು ಬಾಯಿಮಾತಿನಿಂದ ಬರುವಂತಹವಲ್ಲ, ಪರೀಕ್ಷೆಯಿಂದ ಬರುವಂತಹವು. ಯೂಟಾ ಸೀಮೆಯ ಆಗ್ಡನ್ ಎಂಬ ಊರಿನಲ್ಲಿ ಹುಟ್ಟಿದ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಶಿಲ್ಪಿಯು ರಚಿಸಿದ ಪಿಸ್ತೂಲನ್ನು ಅಮೆರಿಕದ ಸೈನ್ಯವು ೧೯೧೧ರಲ್ಲಿ ಅಂಗೀಕರಿಸಿತು. ಅದಕ್ಕೆ ಮುನ್ನ ನಡೆದ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ ೬,೦೦೦ ಗುಂಡುಗಳನ್ನು ಹಾರಿಸಲಾಯಿತು. ಲೋಹವು ಮುಟ್ಟಲಾರದಷ್ಟು ಕಾದಾಗ ನೀರಿನಲ್ಲಿ ಅದ್ದಿ ತಣಿಸಿ ಪರೀಕ್ಷೆಯನ್ನು ಮುಂದುವರಿಸಿದರು. ಆ ಮಾದರಿಯು ೧೯೮೫ರವರೆಗೆ, ಎಂದರೆ ಎಪ್ಪತ್ತು ವರ್ಷಗಳಿಗೂ ಮೀರಿ, ಆ ಸೈನ್ಯದ ಮುಖ್ಯ ಪಿಸ್ತೂಲಾಗಿ ಉಳಿಯಿತು. ೧೯೮೨ರಲ್ಲಿ ಆಸ್ಟ್ರಿಯಾದ ಸೈನ್ಯವು ಗ್ಯಾಸ್ಟನ್ ಗ್ಲಾಕ್ ಎಂಬವನ ಪಿಸ್ತೂಲನ್ನು ಸ್ವೀಕರಿಸಿತು. ಆತನು ಅದಕ್ಕೆ ಮುನ್ನ ಬಂದೂಕುಗಳನ್ನು ರಚಿಸಿದವನಲ್ಲ. ಆದರೂ ಹೆಸರನ್ನು ನೋಡದೆ ಪರೀಕ್ಷೆಯ ಫಲವನ್ನು ನೋಡಿ ಆತನ ರಚನೆಯನ್ನು ಆರಿಸಿಕೊಂಡರು. ನಂಬಿಕೆಯು ಕುಲದಿಂದಲ್ಲ, ನಡತೆಯಿಂದ ತಿಳಿಯತಕ್ಕದ್ದೆಂಬ ಮಾತು ಯಂತ್ರಗಳ ಲೋಕದಲ್ಲಿಯೂ ಸತ್ಯವಾದುದು.

ಇನ್ನು ಅಗ್ಗದ ಪಿಸ್ತೂಲಿನ ಕಥೆಯನ್ನು ನೋಡಬೇಕು. ೧೯೬೦ರ ದಶಕದಲ್ಲಿ ಅಮೆರಿಕದ ಪೇಟೆಗಳಿಗೆ ಹೊರದೇಶಗಳಿಂದ ಅತ್ಯಂತ ಅಗ್ಗದ, ಕಳಪೆ ಲೋಹದ ಕಿರುಬಂದೂಕುಗಳು ಬರುತ್ತಿದ್ದವು. ಜನರು ಅವುಗಳನ್ನು ‘ಸ್ಯಾಟರ್ಡೇ ನೈಟ್ ಸ್ಪೆಷಲ್’ ಎಂದು ಹಳಿಯುತ್ತಿದ್ದರು. ೧೯೬೮ರ ಬಂದೂಕು ನಿಯಂತ್ರಣ ಶಾಸನವು ಅಂತಹವುಗಳ ಆಮದನ್ನು ತಡೆಯಿತು. ಆದರೆ ದೇಶದೊಳಗೆ ಅವುಗಳನ್ನೇ ತಯಾರಿಸುವುದನ್ನು ತಡೆಯಲಿಲ್ಲ. ಫಲವಾಗಿ ಲಾಸ್ ಏಂಜಲೀಸ್ ನಗರದ ಸುತ್ತಲೂ ಕೆಲವು ಕಾರ್ಖಾನೆಗಳು ಎದ್ದವು. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಎರೆದು ಅವು ಲಕ್ಷಗಟ್ಟಲೆ ಪಿಸ್ತೂಲುಗಳನ್ನು ಹೊರತಂದವು. ಆ ಕಾರ್ಖಾನೆಗಳ ಮಂಡಲಕ್ಕೆ ಮುಂದೆ ‘ಬೆಂಕಿಯ ಉಂಗುರ’ ಎಂಬರ್ಥದ ಹೆಸರೇ ಬಿದ್ದಿತು. ಕೊಳ್ಳುವವರಲ್ಲಿ ಕೇಡಿಗರೂ ಇದ್ದರು. ಬೇರೆ ಗತಿಯಿಲ್ಲದೆ ಅಗ್ಗವಾದುದನ್ನೇ ಕೊಂಡ ಬಡ ಸಂಸಾರಿಗಳೂ ಇದ್ದರು.

ಆ ಕಾರ್ಖಾನೆಗಳಲ್ಲಿ ಒಂದಾದ ಬ್ರೈಕೋ ಎಂಬುದರ ಪಿಸ್ತೂಲೊಂದು ಉತ್ತರ ಕ್ಯಾಲಿಫೋರ್ನಿಯಾದ ಮನೆಯೊಂದರಲ್ಲಿತ್ತು. ೧೯೯೪ರಲ್ಲಿ ಒಂದು ದಿನ ಕುಟುಂಬಕ್ಕೆ ಪರಿಚಿತನಾದ ಇಪ್ಪತ್ತು ವರ್ಷದ ಯುವಕನು ಅಪಾಯವಾಗಬಾರದೆಂದೇ ಅದರಿಂದ ತೋಟಾವನ್ನು ತೆಗೆಯಲು ಯತ್ನಿಸಿದನು. ಆ ಪಿಸ್ತೂಲಿನ ರಚನೆ ಎಂತಹದೆಂದರೆ, ತೋಟಾವನ್ನು ಹೊರತೆಗೆಯಬೇಕಾದರೆ ಮೊದಲು ಸುರಕ್ಷೆಯ ಕೀಲನ್ನು ಬಿಚ್ಚಲೇಬೇಕಾಗಿತ್ತು. ಕೀಲು ಬಿಚ್ಚಿದಾಗ ಕೈ ತಪ್ಪಿ ಗುಂಡು ಹಾರಿತು. ಎದುರಿಗಿದ್ದ ಏಳು ವರ್ಷದ ಬಾಲಕನಿಗೆ ಅದು ತಾಗಿ ಆತನು ಕುತ್ತಿಗೆಯಿಂದ ಕೆಳಗೆ ಚಲನೆಯನ್ನು ಕಳೆದುಕೊಂಡನು.

ನ್ಯಾಯಾಲಯದಲ್ಲಿ ಹೊರಬಿದ್ದ ಸಂಗತಿಯು ಇನ್ನೂ ಕಹಿಯಾದುದು. ಆ ಪಿಸ್ತೂಲಿನ ಮೂಲ ರಚನೆಯಲ್ಲಿ ಸುರಕ್ಷೆಯ ಕೀಲು ಹಾಕಿದ್ದಾಗಲೂ ತೋಟಾವನ್ನು ತೆಗೆಯಬಹುದಾಗಿತ್ತು. ಆದರೆ ಆ ರಚನೆಯಲ್ಲಿ ಪಿಸ್ತೂಲು ಸಿಕ್ಕಿಕೊಳ್ಳುವ ದೋಷವು ಕಾಣಿಸಿಕೊಂಡಿತ್ತು. ದೋಷದ ಮೂಲವನ್ನು ತಿದ್ದುವ ಬದಲು ಕೀಲನ್ನೇ ಬದಲಿಸಲಾಗಿತ್ತು. ಎಂದರೆ, ಮೊದಲನೆಯ ವಾಗ್ದಾನವನ್ನು ಉಳಿಸಿಕೊಂಡಂತೆ ತೋರಿಸಲು ಎರಡನೆಯ ವಾಗ್ದಾನವನ್ನು ಬಲಿಕೊಟ್ಟಂತಾಯಿತು. ೨೦೦೩ರಲ್ಲಿ ಜ್ಯೂರಿಯು ಐದು ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ವಿಧಿಸಿತು. ಹೊಣೆಯನ್ನು ಒಬ್ಬನ ತಲೆಗೇ ಕಟ್ಟದೆ, ತಯಾರಿಸಿದವರು, ಮಾರಿದವರು, ಮನೆಯ ಹಿರಿಯರು, ಆ ಯುವಕ, ಹೀಗೆ ಹಲವರಿಗೆ ಹಂಚಿತು. ಕಾರ್ಖಾನೆಯು ದಿವಾಳಿಯಾಗಿ ೨೦೦೪ರಲ್ಲಿ ಹರಾಜಿಗೆ ಬಂದಿತು. ಅದನ್ನು ಕೊಂಡು ಪಿಸ್ತೂಲುಗಳನ್ನೆಲ್ಲ ಕರಗಿಸಿಬಿಡಬೇಕೆಂದು ಬಾಲಕನ ಪಕ್ಷದವರು ಹರಾಜು ಕೂಗಿದರು. ಆದರೆ ಆ ಕಾರ್ಖಾನೆಯ ಮೇಸ್ತ್ರಿಯಾಗಿದ್ದವನೇ ೫,೧೦,೦೦೦ ಡಾಲರಿಗೆ ಅದನ್ನು ಪಡೆದನು. ಕುಲುಮೆ ಆರಲಿಲ್ಲ.

ಈ ಒಂದು ಪ್ರಸಂಗದಲ್ಲಿ ಅಗ್ಗದ ಆಯುಧದ ಧರ್ಮಸಂಕಟವೆಲ್ಲ ಅಡಗಿದೆ. ಬೆಲೆ ಕಡಿಮೆಯಾದುದು ಸ್ವತಃ ಪಾಪವಲ್ಲ. ಮಡಕೆ ಮಾಡುವವನು ಬಡವನಿಗೆಂದು ಸಣ್ಣ ಮಡಕೆಯನ್ನು ಮಾಡಿದರೆ ಅದು ಉಪಕಾರವೇ. ಆದರೆ ಒಡಕು ಮಡಕೆಗೆ ಬಣ್ಣ ಬಳಿದು ಗಟ್ಟಿಯೆಂದು ಮಾರಿದರೆ ಅದು ವಂಚನೆ. ಕೊಳ್ಳುವವನ ಕಣ್ಣಿಗೆ ಕಾಣದ ಕಡೆ ಮಾಡುವವನ ನಿಷ್ಠೆ ಇರಬೇಕು. ಕಾಯಕವೆಂಬ ಮಾತಿಗೆ ಅರ್ಥ ಬರುವುದು ಅಲ್ಲಿ. ಅಮೆರಿಕದ ಶಾಸನಗಳು ಈ ನಿಷ್ಠೆಯನ್ನು ಬಹುಮಟ್ಟಿಗೆ ತಯಾರಕನ ಮನಸ್ಸಿಗೇ ಬಿಟ್ಟಿವೆ. ಅಲ್ಲಿಯ ಗ್ರಾಹಕ ವಸ್ತುಗಳ ಸುರಕ್ಷಾ ಆಯೋಗವು ೧೯೭೨ರ ಶಾಸನದಿಂದ ಹುಟ್ಟಿತು. ಅದು ಮಕ್ಕಳ ಆಟದ ಬಂದೂಕಿನಲ್ಲಿ ದೋಷ ಕಂಡರೆ ಹಿಂದಕ್ಕೆ ತರಿಸಬಹುದು. ನಿಜವಾದ ಬಂದೂಕು ಅದರ ಅಧಿಕಾರಕ್ಕೆ ಸೇರಿದುದಲ್ಲ. ಆದುದರಿಂದ ಕೊಳ್ಳುವವನೇ ಪರೀಕ್ಷಕನಾಗಬೇಕಾಗಿದೆ.

ಹಾಗಾದರೆ ಹೆಚ್ಚು ಹಣ ಕೊಟ್ಟರೆ ಹೆಚ್ಚು ನಂಬಿಕೆ ದೊರೆಯುವುದೆಂದು ಹೇಳಬಹುದೇ? ಅದೂ ಸಲ್ಲದು. ೨೦೧೭ರ ಜನವರಿಯಲ್ಲಿ ಅಮೆರಿಕದ ಸೈನ್ಯವು ಸಿಗ್ ಸಾವರ್ ಕಂಪನಿಯ ಪಿ ೩೨೦ ಎಂಬ ಪಿಸ್ತೂಲಿನ ಮಾದರಿಯನ್ನು ತನಗಾಗಿ ಆರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ, ಸಾರ್ವಜನಿಕರಿಗೆ ಮಾರಿದ ಪಿ ೩೨೦ ಕೆಲವು ಕೋನಗಳಲ್ಲಿ ನೆಲಕ್ಕೆ ಬಿದ್ದರೆ ತಾನಾಗಿ ಗುಂಡು ಹಾರಿಸಬಹುದೆಂಬುದು ಬಯಲಾಗಿ, ಕಂಪನಿಯು ಅದರ ಒಳಭಾಗಗಳನ್ನು ಪುಕ್ಕಟೆಯಾಗಿ ಬದಲಿಸಿಕೊಡಲು ಮುಂದಾಯಿತು. ಹೆಸರು, ಬೆಲೆ, ಸೈನ್ಯದ ಮುದ್ರೆ, ಈ ಮೂರೂ ಇದ್ದ ಕಡೆಯಲ್ಲಿಯೂ ಎರಡನೆಯ ವಾಗ್ದಾನ ತಪ್ಪಿತು. ಇತ್ತ ಒಹಾಯೋ ರಾಜ್ಯದಲ್ಲಿ ತಯಾರಾಗುವ ಹೈ-ಪಾಯಿಂಟ್ ಎಂಬ ಪಿಸ್ತೂಲು ನೋಟಕ್ಕೆ ಒರಟು, ತೂಕದಲ್ಲಿ ಭಾರ. ಅದರ ರಚನೆಯೂ ಅತಿ ಸರಳ: ನಳಿಗೆಯನ್ನು ಬಂಧಿಸುವ ಕುಶಲ ಕೀಲುಗಳಿಲ್ಲ, ಮೇಲ್ಭಾಗದ ಭಾರವೇ ಒತ್ತಡವನ್ನು ತಡೆಯುತ್ತದೆ. ಪೇಟೆಯ ಅತ್ಯಗ್ಗದ ಪಿಸ್ತೂಲುಗಳ ಸಾಲಿನಲ್ಲಿದ್ದರೂ ಅದಕ್ಕೆ ಕಂಪನಿಯು ಆಜೀವ ದುರಸ್ತಿಯ ಭರವಸೆಯನ್ನು ಕೊಡುತ್ತದೆ. ಬೆಲೆಯ ಚೀಟಿಯನ್ನು ನೋಡಿ ಗುಣವನ್ನು ನಿರ್ಣಯಿಸುವುದು, ಅಂಗಿಯನ್ನು ನೋಡಿ ಮನುಷ್ಯನನ್ನು ನಿರ್ಣಯಿಸಿದಂತೆಯೇ ತಪ್ಪಾದೀತು.

ಅಲ್ಪ ಹಣದ ಗೃಹಸ್ಥನಿಗೆ ಬಲ್ಲವರು ಹೇಳುವ ವಿವೇಕದ ದಾರಿಯೊಂದಿದೆ. ಹೊಸ ಪಿಸ್ತೂಲಿನ ಹೊಳಪಿಗೆ ಮರುಳಾಗದೆ, ಪೊಲೀಸ್ ಇಲಾಖೆಗಳು ಬಳಸಿ ಬದಲಿಸಿದ ಹಳೆಯ ಪಿಸ್ತೂಲುಗಳನ್ನು ನೋಡುವುದು ಆ ದಾರಿ. ಅವು ಸೊಂಟದ ಚೀಲದಲ್ಲಿ ವರ್ಷಗಟ್ಟಲೆ ಉಜ್ಜಿ ಹೊರಗಿನ ಬಣ್ಣ ಕಳೆದುಕೊಂಡಿರಬಹುದು. ಆದರೆ ಹಾರಿಸಿದ ಗುಂಡುಗಳು ಸಾಮಾನ್ಯವಾಗಿ ಕಡಿಮೆ. ಹೊಸದಾಗಿ ಸುಮಾರು ಐನೂರು ಡಾಲರು ಬಾಳುವಂತಹದು ಅಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ದೊರೆಯುವುದುಂಟು. ಹಳೆಯ ಸ್ಪ್ರಿಂಗನ್ನು ಬದಲಿಸಲು ತಗಲುವ ವೆಚ್ಚ ಅಲ್ಪ. ಎಲ್ಲಕ್ಕಿಂತ ಮಿಗಿಲಾಗಿ, ಕೊಂಡ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ನಂಬಿ ಕುಳಿತುಕೊಳ್ಳದೆ, ಗುಂಡುಹಾರಿಸುವ ಕಟ್ಟೆಗೆ ಒಯ್ದು ತನ್ನ ಕೈಯಿಂದಲೇ ಪರೀಕ್ಷಿಸಬೇಕು.

ಪರೀಕ್ಷೆಯ ಅಳತೆಗೆ ಕ್ಯಾಲಿಫೋರ್ನಿಯಾ ರಾಜ್ಯದ ಶಾಸನವು ಒಂದು ದೃಷ್ಟಾಂತ. ಅಲ್ಲಿ ೧೯೯೯ರಲ್ಲಿ ಅಂಗೀಕೃತವಾಗಿ ೨೦೦೧ರಿಂದ ಜಾರಿಗೆ ಬಂದ ನಿಯಮದಂತೆ, ಮಾರಾಟಕ್ಕೆ ಬರುವ ಹೊಸ ಕೈಬಂದೂಕಿನ ಮಾದರಿಯು ೬೦೦ ಗುಂಡುಗಳ ಪರೀಕ್ಷೆಯನ್ನು ದಾಟಬೇಕು. ಮೊದಲ ೨೦ ಗುಂಡುಗಳಲ್ಲಿ ಒಂದು ತಪ್ಪೂ ಆಗಕೂಡದು. ಒಟ್ಟಿನಲ್ಲಿ ಆರಕ್ಕಿಂತ ಹೆಚ್ಚು ತಪ್ಪುಗಳಾಗಕೂಡದು. ಸುಮಾರು ಒಂದು ಮೀಟರಿನ ಎತ್ತರದಿಂದ ಕಾಂಕ್ರೀಟಿನ ಮೇಲೆ ಕೆಡವಿದಾಗ ಅದು ತಾನಾಗಿ ಹಾರಕೂಡದು. ಬಡ ಗೃಹಸ್ಥನಿಗೆ ೬೦೦ ತೋಟಾಗಳನ್ನು ಸುಡುವ ಶಕ್ತಿ ಇರಲಿಕ್ಕಿಲ್ಲ. ಆದರೂ, ಮನೆಯಲ್ಲಿ ಯಾವ ಬಗೆಯ ತೋಟಾವನ್ನು ಇರಿಸಿಕೊಳ್ಳುವನೋ ಆ ಬಗೆಯವನ್ನೂ ಸೇರಿಸಿಕೊಂಡು ಒಂದಿನ್ನೂರನ್ನಾದರೂ ಹಾರಿಸಿ ನೋಡದೆ ಆಯುಧವನ್ನು ನಂಬುವುದು ಕುರುಡು ನಂಬಿಕೆಯಾಗುತ್ತದೆ.

ಲೆಕ್ಕದ ಪುಸ್ತಕವು ಇಲ್ಲಿ ಒಂದು ಸತ್ಯವನ್ನು ತೋರಿಸಿಕೊಡುತ್ತದೆ. ಕೈಯಲ್ಲಿರುವ ಹಣವನ್ನೆಲ್ಲ ಪಿಸ್ತೂಲಿಗೇ ಸುರಿದವನಿಗೆ ಅಭ್ಯಾಸದ ತೋಟಾಗಳಿಗೆ ಹಣವಿಲ್ಲ, ಕಲಿಸುವ ಗುರುವಿಗೆ ಹಣವಿಲ್ಲ, ಬೀಗವುಳ್ಳ ಉಕ್ಕಿನ ಪೆಟ್ಟಿಗೆಗೆ ಹಣವಿಲ್ಲ. ಆತನ ಬಳಿ ಇರುವುದು ಒಂದು ಆಯುಧ ಮಾತ್ರ, ರಕ್ಷಣೆಯಲ್ಲ. ಅಲ್ಪ ಹಣವುಳ್ಳವನು ಮೊದಲು ಪೆಟ್ಟಿಗೆಯ ಹಣವನ್ನು ತೆಗೆದಿರಿಸಬೇಕು, ಅನಂತರ ಶಿಕ್ಷಣದ ಹಣವನ್ನು, ಕೊನೆಗೆ ಉಳಿದುದರಲ್ಲಿ ಪಿಸ್ತೂಲನ್ನು ಅರಸಬೇಕು. ಉಳಿದುದು ಸಾಲದೆಂದು ಕಂಡರೆ, ಕೊಳ್ಳುವ ಕಾಲ ಇನ್ನೂ ಬಂದಿಲ್ಲವೆಂದೇ ಅರ್ಥ.

ಇಲ್ಲಿ ಒಂದು ಆಕ್ಷೇಪವನ್ನು ಕೇಳಬೇಕಾಗಿದೆ. ಹಣವಂತನು ಕಾಯಬೇಕಾಗಿಲ್ಲ; ಅಪಾಯದ ನಡುವೆ ಬಾಳುವ ಬಡವನು ಮಾತ್ರ ಕಾಯಬೇಕೇ? ಅಗ್ಗದ ಬಂದೂಕುಗಳನ್ನು ತಡೆದ ಶಾಸನಗಳು ಬಡವನ ಕೈಯನ್ನೇ ಕಟ್ಟಿಹಾಕಿದವೆಂದು ಅಮೆರಿಕದಲ್ಲಿ ಅನೇಕರು ವಾದಿಸಿದ್ದಾರೆ. ಈ ಮಾತಿನಲ್ಲಿ ನ್ಯಾಯದ ಅಂಶವಿದೆ. ರಕ್ಷಣೆಯು ಹಣವಿದ್ದವರ ಸೊತ್ತಾಗಬಾರದು. ಆದರೆ ಬಡವನಿಗೆ ಸಲ್ಲಬೇಕಾದ ನ್ಯಾಯವು ಕಳಪೆ ಆಯುಧದ ರೂಪದಲ್ಲಿ ಸಲ್ಲುವುದೇ? ಕೊಳೆತ ಧಾನ್ಯವನ್ನು ಅಗ್ಗವಾಗಿ ಮಾರಿದವನು ಬಡವನ ಹಸಿವನ್ನು ಗೌರವಿಸಿದಂತಾಗದು. ಹಾಗೆಯೇ, ಸಿಕ್ಕಿಕೊಳ್ಳುವ ಪಿಸ್ತೂಲನ್ನು ಮಾರಿದವನು ಬಡವನ ಭಯವನ್ನು ವ್ಯಾಪಾರಕ್ಕೆ ಬಳಸಿಕೊಂಡನೇ ಹೊರತು ಅದನ್ನು ನೀಗಿಸಲಿಲ್ಲ. ಬೆಳಕುಳ್ಳ ಬೀದಿ, ಕರೆದರೆ ಬರುವ ಪೊಲೀಸ್, ಗಟ್ಟಿಯಾದ ಬಾಗಿಲು, ಮಾತಿಗೆ ಓಗೊಡುವ ನೆರೆಮನೆ, ಇವು ಬಡವನಿಗೆ ಸಮಾಜವು ಸಲ್ಲಿಸಬೇಕಾದ ಋಣ. ಆ ಋಣವನ್ನು ಸಲ್ಲಿಸದ ಸಮಾಜವು ಆತನ ಕೈಗೆ ಅಗ್ಗದ ಪಿಸ್ತೂಲನ್ನಿತ್ತು ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುವುದು ಸಲ್ಲದು.

ಇಷ್ಟರವರೆಗೆ ಹೇಳಿದುದೆಲ್ಲ ಆಯುಧದ ನಂಬಿಕೆಯ ಮಾತು. ಆದರೆ ಆ ಗೃಹಸ್ಥನು ಎಲ್ಲವನ್ನೂ ಸರಿಯಾಗಿಯೇ ಮಾಡಿದನೆಂದು ಇಟ್ಟುಕೊಳ್ಳಬಹುದು. ಒಳ್ಳೆಯ ಹಳೆಯ ಪಿಸ್ತೂಲನ್ನು ಆರಿಸಿದನು, ಪರೀಕ್ಷಿಸಿದನು, ಇನ್ನೂರು ಗುಂಡುಗಳಲ್ಲಿ ಒಂದೂ ತಪ್ಪಲಿಲ್ಲ. ಆಗ ಪ್ರಶ್ನೆ ಮುಗಿಯಿತೇ? ಮುಗಿಯಲಿಲ್ಲ, ಆಗಲೇ ಪ್ರಶ್ನೆ ಮೊದಲಾಯಿತು. ನಂಬಿಕೆಯ ಯಂತ್ರವೆಂದರೆ ಹೇಳಿದ ಮಾತನ್ನು ಕೇಳುವ ಯಂತ್ರ. ಆದರೆ ಯಾರ ಮಾತನ್ನು? ಟ್ರಿಗರಿನ ಮೇಲೆ ಬೆರಳಿಟ್ಟ ಯಾರ ಮಾತನ್ನಾದರೂ ಅದು ಕೇಳುತ್ತದೆ. ಮಗುವಿನ ಬೆರಳನ್ನೂ ತಂದೆಯ ಬೆರಳನ್ನೂ ಅದು ಬೇರೆ ಮಾಡಿ ನೋಡದು. ಶಾಂತವಾದ ಮನಸ್ಸನ್ನೂ ಕುಡಿದ ಮನಸ್ಸನ್ನೂ, ಕಳ್ಳನ ಹೆಜ್ಜೆಯನ್ನೂ ರಾತ್ರಿ ತಡವಾಗಿ ಬಂದ ಮಗನ ಹೆಜ್ಜೆಯನ್ನೂ ಅದು ಬೇರೆ ಮಾಡಿ ನೋಡದು. ಕೆಟ್ಟ ಪಿಸ್ತೂಲು ಸಿಕ್ಕಿಕೊಂಡಾಗ ಒಂದು ಕ್ಷಣದ ಬಿಡುವಾದರೂ ದೊರೆತೀತು. ಒಳ್ಳೆಯ ಪಿಸ್ತೂಲು ಆ ಬಿಡುವನ್ನೂ ಕೊಡದು. ಆದುದರಿಂದ ಆಯುಧದ ನಂಬಿಕೆ ಹೆಚ್ಚಿದಷ್ಟೂ ಅದನ್ನು ಹಿಡಿದವನ ನಂಬಿಕೆಯೂ ಹೆಚ್ಚಬೇಕಾಗುತ್ತದೆ.

ಲೋಕದ ಅನುಭವವು ಈ ಮಾತನ್ನೇ ಅಂಕಿಗಳಲ್ಲಿ ಹೇಳುತ್ತದೆ. ಅಮೆರಿಕದಲ್ಲಿ ೨೦೨೧ರಲ್ಲಿ ಬಂದೂಕಿನಿಂದ ಮಡಿದವರು ೪೮,೮೩೦ ಮಂದಿ. ಅವರಲ್ಲಿ ೨೬,೩೨೮ ಮಂದಿ, ಎಂದರೆ ಅರ್ಧಕ್ಕಿಂತ ಹೆಚ್ಚಿನವರು, ಪರರ ಕೈಯಿಂದಲ್ಲ, ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡವರು. ಕ್ಯಾಲಿಫೋರ್ನಿಯಾದ ಸುಮಾರು ೨ ಕೋಟಿ ೬೦ ಲಕ್ಷ ವಯಸ್ಕರನ್ನು ಹನ್ನೆರಡು ವರ್ಷಗಳವರೆಗೆ ಗಮನಿಸಿದ ಅಧ್ಯಯನವೊಂದು ೨೦೨೦ರಲ್ಲಿ ಪ್ರಕಟವಾಯಿತು. ಕೈಬಂದೂಕನ್ನು ಹೊಂದಿದ ಪುರುಷರಲ್ಲಿ ಬಂದೂಕಿನಿಂದಾದ ಆತ್ಮಹತ್ಯೆಯು ಹೊಂದದವರಿಗಿಂತ ಸುಮಾರು ಎಂಟು ಪಟ್ಟು, ಸ್ತ್ರೀಯರಲ್ಲಿ ಸುಮಾರು ಮೂವತ್ತೈದು ಪಟ್ಟು ಹೆಚ್ಚೆಂದು ಅದು ಕಂಡುಕೊಂಡಿತು. ಬಾಗಿಲ ಹೊರಗಿನ ಶತ್ರುವಿಗೆಂದು ತಂದ ಆಯುಧವು ಬಾಗಿಲ ಒಳಗಿನ ದುಃಖಕ್ಕೆ ಒದಗಿಬಂದ ಕಥೆಯಿದು. ಮನೆಯ ಪ್ರತಿಯೊಬ್ಬನಿಗೂ ಬಾಳಿನಲ್ಲಿ ಕತ್ತಲೆಯ ಕೆಲವು ದಿನಗಳು ಬರುತ್ತವೆ, ಹೋಗುತ್ತವೆ. ಹೋಗುವವರೆಗೆ ಜೊತೆಗೊಬ್ಬರು ಇರಬೇಕು, ಕೈಗೆ ಎಟಕುವಲ್ಲಿ ಆಯುಧ ಇರಕೂಡದು. ಅಂತಹ ದಿನಗಳಲ್ಲಿ ಪಿಸ್ತೂಲನ್ನು ಶಾಸನ ಒಪ್ಪುವ ರೀತಿಯಲ್ಲಿ ಮನೆಯಿಂದ ಹೊರಗಿರಿಸಿ, ನಂಬಿಕೆಯ ಮಿತ್ರನನ್ನು ಬಳಿಗೆ ಕರೆದುಕೊಳ್ಳುವುದು ಹೇಡಿತನವಲ್ಲ, ಅದು ಅರಿವು.

ಆದುದರಿಂದ ಪಿಸ್ತೂಲನ್ನು ಪರೀಕ್ಷಿಸಿದ ಗೃಹಸ್ಥನು ಅದೇ ಕಟ್ಟುನಿಟ್ಟಿನಿಂದ ತನ್ನನ್ನೂ ಪರೀಕ್ಷಿಸಿಕೊಳ್ಳಬೇಕು. ಕೋಪದಲ್ಲಿ ತನ್ನ ಕೈ ಎತ್ತ ಹೋಗುತ್ತದೆ? ನಿದ್ದೆಯಿಂದ ಬೆಚ್ಚಿ ಎದ್ದಾಗ ಕಂಡುದನ್ನು ಕಂಡಂತೆ ಕಾಣುವ ಸ್ಥಿಮಿತವಿದೆಯೇ? ಮನೆಯಲ್ಲಿ ಯಾರಿಗೆ ಕುಡಿತದ ಚಟವಿದೆ, ಯಾರಿಗೆ ಮನಸ್ಸಿನ ಬೇನೆಯಿದೆ? ಪೆಟ್ಟಿಗೆಯ ಬೀಗವನ್ನು ಮೊದಲ ತಿಂಗಳು ಹಾಕಿದಂತೆಯೇ ಹತ್ತನೆಯ ವರ್ಷವೂ ಹಾಕುವ ನಿಯಮ ತನ್ನಲ್ಲಿದೆಯೇ? ಯಂತ್ರಕ್ಕೆ ೬೦೦ರಲ್ಲಿ ಆರು ತಪ್ಪುಗಳನ್ನು ಶಾಸನವು ಕ್ಷಮಿಸುತ್ತದೆ. ಮನುಷ್ಯನಿಗೆ ಇಲ್ಲಿ ಒಂದು ತಪ್ಪಿಗೂ ಕ್ಷಮೆಯಿಲ್ಲ. ಈ ಪ್ರಶ್ನೆಗಳಿಗೆ ಆತನು ನಿಜವಾದ ಉತ್ತರ ಕೊಟ್ಟುಕೊಂಡು, ‘ನನಗೆ ಇದು ಬೇಡ’ ಎಂದು ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದರೆ, ಆತನು ಸೋತವನಲ್ಲ. ಆ ಹಣದಿಂದ ಬಾಗಿಲಿಗೆ ಗಟ್ಟಿ ಅಗುಳಿಯನ್ನೂ ಅಂಗಳಕ್ಕೆ ದೀಪವನ್ನೂ ಹಾಕಿಸಿ, ಎದುರು ಮನೆಯವರೊಡನೆ ಸ್ನೇಹ ಬೆಳೆಸಿದರೆ ಆತನ ಮನೆ ಮೊದಲಿಗಿಂತ ಸುರಕ್ಷಿತವಾದೀತು.

ಹಾಗಲ್ಲದೆ, ಎಲ್ಲವನ್ನೂ ತೂಗಿ ನೋಡಿ ಕೊಳ್ಳುವುದೇ ಸರಿಯೆಂದು ನಿಶ್ಚಯಿಸಿದವನನ್ನು ಪಾಪಿಯೆಂದು ಜರೆಯುವುದೂ ಸಲ್ಲದು. ತನ್ನವರನ್ನು ಕಾಯುವುದು ಗೃಹಸ್ಥನ ಕರ್ತವ್ಯವೇ. ಆತನು ಮಾಡಬೇಕಾದುದಿಷ್ಟು: ಹೊಳಪನ್ನು ಕೊಳ್ಳದೆ ನಡತೆಯನ್ನು ಕೊಳ್ಳುವುದು, ಕರೆಯದಾಗ ಸುಮ್ಮನಿರುವ ಗುಣವನ್ನು ಕರೆದಾಗ ನಡೆಯುವ ಗುಣಕ್ಕಿಂತ ಮೊದಲು ನೋಡುವುದು, ಬೀಗಕ್ಕೂ ಶಿಕ್ಷಣಕ್ಕೂ ಹಣವನ್ನು ಮೊದಲೇ ಎತ್ತಿಡುವುದು, ಆ ಬಳಿಕ ಆ ಆಯುಧವು ಎಂದೆಂದಿಗೂ ಬಳಕೆಗೆ ಬಾರದಿರಲೆಂದು ಹಾರೈಸುವುದು. ನೇಗಿಲನ್ನು ಕೊಂಡವನು ಅದು ದಿನವೂ ದುಡಿಯಲಿ ಎಂದು ಬಯಸುತ್ತಾನೆ. ಪಿಸ್ತೂಲನ್ನು ಕೊಂಡ ವಿವೇಕಿಯು ಅದು ಬೀಗದೊಳಗೆ ಹಳತಾಗಲಿ, ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅದು ಬಂದಂತೆಯೇ ಮನೆಯಿಂದ ಹೊರಡಲಿ ಎಂದು ಬಯಸುತ್ತಾನೆ. ಆ ಬಯಕೆಯು ಯಾವನಲ್ಲಿ ಪ್ರಾಮಾಣಿಕವಾಗಿರುವುದೋ ಆತನ ಕೈಯೇ ನಂಬಿಕೆಗೆ ಯೋಗ್ಯವಾದ ಕೈ. ಅದಿಲ್ಲದವನಿಗೆ ಯಾವ ಬೆಲೆಯ ಪಿಸ್ತೂಲೂ ನಂಬಿಕೆಯದಾಗಲಾರದು.